ಅಯೋರ್ಟಾ ಉಬ್ಬು, ಪ್ರೋಟೀನ್ ವೇರಿಯಂಟ್ ಮತ್ತು ವಂಶದ ಅಪಾಯ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಜಮಖಂಡಿಯಲ್ಲಿ ದವಾಖಾನೆ ನಡೆಸುವ ಡಾಕ್ಟರ್. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲೆಯ ಹಳ್ಳಿಗಳಿಂದ ಜನ ಬರುತ್ತಾರೆ. ಒಂದು ಮನೆಯಲ್ಲಿ ಒಬ್ಬರಿಗೆ ಅಯೋರ್ಟಾ ಉಬ್ಬಿದೆ ಅಂತ ಗೊತ್ತಾದರೆ ಸಾಕು, ಇಡೀ ಬಳಗ ಪ್ರಶ್ನೆ ಕೇಳಲು ಶುರು ಮಾಡುತ್ತದೆ. ಎದುರು ಕೂತು ಕೇಳಿದ್ದು, ಪತ್ರದಲ್ಲಿ ಬಂದದ್ದು, ವಾಟ್ಸಾಪ್‌ನಲ್ಲಿ ಬಂದದ್ದು ಎಲ್ಲ ಇಲ್ಲಿದೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಇದನ್ನು ಓದಿ ಯಾರೂ ಮಾತ್ರೆ ಶುರು ಮಾಡಬೇಡಿ, ನಡೆಯುತ್ತಿರುವ ಮಾತ್ರೆ ಬಿಡಲೂ ಬೇಡಿ.

## ಶುರುವಿನ ಪ್ರಶ್ನೆಗಳು

ಅಯೋರ್ಟಾ ಉಬ್ಬಿದೆ ಅಂದರು. ಅದು ಹಾರ್ಟ್ ಬ್ಲಾಕ್ ಇದ್ದ ಹಾಗೇನಾ?

ಅಲ್ಲ. ಬ್ಲಾಕ್ ಆದಾಗ ಹೃದಯಕ್ಕೇ ರಕ್ತ ಕೊಡುವ ಸಣ್ಣ ನಾಳಗಳು ಒಳಗಿಂದ ಕಟ್ಟಿಕೊಳ್ಳುತ್ತವೆ. ಇಲ್ಲಿ ಆಗುವುದು ಅದರ ಉಲ್ಟಾ. ಅಯೋರ್ಟಾ, ಅಂದರೆ ಮಹಾಪಧಮನಿ, ಮೈಯಲ್ಲಿರುವ ರಕ್ತನಾಳಗಳಲ್ಲೇ ದೊಡ್ಡದು. ಹೃದಯದಿಂದ ಮೇಲೇರಿ, ಬಾಗಿ, ಬೆನ್ನೆಲುಬಿನ ಮುಂದೆ ಕೆಳಗಿಳಿಯುತ್ತದೆ. ಹೊಕ್ಕುಳಿನ ಮಟ್ಟಕ್ಕೆ ಬಂದಾಗ ಕವಲೊಡೆದು ಎರಡೂ ಕಾಲಿಗೆ ಹೋಗುತ್ತದೆ. ದೊಡ್ಡವರಲ್ಲಿ ಹೃದಯದ ಹತ್ತಿರ ಇದರ ಅಗಲ ಸುಮಾರು 3ರಿಂದ 3.5 ಸೆಂ.ಮೀ., ಹೊಟ್ಟೆಯಲ್ಲಿ ಸುಮಾರು 2 ಸೆಂ.ಮೀ. ಇರುತ್ತದೆ. ಇರಬೇಕಾದ ಅಗಲದ ಒಂದೂವರೆ ಪಟ್ಟು ಆದರೆ ಅದನ್ನು ಅನ್ಯೂರಿಸಂ ಅನ್ನುತ್ತೇವೆ. ಹೊಟ್ಟೆಯ ಭಾಗದಲ್ಲಿ 3 ಸೆಂ.ಮೀ. ಮುಟ್ಟಿದರೇ ಅನ್ಯೂರಿಸಂ.

ಉಬ್ಬಿದ ಜಾಗದಲ್ಲಿ ಗೋಡೆ ತೆಳುವಾಗಿರುತ್ತದೆ. ಅದು ಒಡೆಯಬಹುದು. ಇಲ್ಲವೇ ಗೋಡೆಯ ಒಳಪದರ ಸೀಳಿ, ಪದರಗಳ ನಡುವೆ ರಕ್ತ ನುಗ್ಗಬಹುದು. ಇದಕ್ಕೆ ಡಿಸೆಕ್ಷನ್ ಅನ್ನುತ್ತಾರೆ. ಅಲ್ಲಿಯವರೆಗೆ ಬಹಳಷ್ಟು ಜನರಿಗೆ ಒಂದು ನೋವೂ ಇರುವುದಿಲ್ಲ. ನನಗೆ ಕಿರಿಕಿರಿ ಆಗುವುದೇ ಇದು. ನೋವಿಲ್ಲ ಅಂತ ಜನ ಫಾಲೋಅಪ್‌ಗೆ ಬರುವುದೇ ಇಲ್ಲ.

ನಮ್ಮ ಕಾಕಾ ಎದೆನೋವು ಅಂತ ಹೇಳಿದವರು ಅರ್ಧ ತಾಸಿನಲ್ಲಿ ಹೋಗಿಬಿಟ್ಟರು. ಎಲ್ಲರೂ ಹಾರ್ಟ್ ಅಟ್ಯಾಕ್ ಅಂದರು. ಅದು ಇದೇ ಇದ್ದಿರಬಹುದಾ?

ಇರಬಹುದು. ಪೋಸ್ಟ್‌ಮಾರ್ಟಂ ಅಥವಾ ಸಿಟಿ ಸ್ಕ್ಯಾನ್ ಇಲ್ಲದೆ ಖಚಿತವಾಗಿ ಹೇಳಲಾಗದು. ನಮ್ಮ ಕಡೆ ದಿಢೀರ್ ಸಾವಿಗೆಲ್ಲ ಒಂದೇ ಹೆಸರು, ಹಾರ್ಟ್ ಅಟ್ಯಾಕ್. ಆ ಹೆಸರಿನ ಕೆಳಗೆ ಡಿಸೆಕ್ಷನ್‌ನಿಂದ ಹೋದವರೂ ಇದ್ದಾರೆ.

ಡಿಸೆಕ್ಷನ್ ನೋವು ಬರುವ ರೀತಿಯೇ ಬೇರೆ. ಹಾರ್ಟ್ ಅಟ್ಯಾಕ್‌ನಲ್ಲಿ ನೋವು ಸಾಮಾನ್ಯವಾಗಿ ಏರುತ್ತಾ ಹೋಗುತ್ತದೆ. ಇದು ಮೊದಲ ಕ್ಷಣದಲ್ಲೇ ಪೂರ್ತಿ ಜೋರಾಗಿರುತ್ತದೆ. ಹರಿದ ಹಾಗೆ, ಸೀಳಿದ ಹಾಗೆ ಅನಿಸುತ್ತದೆ. ಎದೆಯಿಂದ ಬೆನ್ನಿಗೆ, ಎರಡು ರೆಕ್ಕೆಯೆಲುಬಿನ ನಡುವೆ ಹೋಗುತ್ತದೆ. ಎರಡು ಕೈಯ ಬಿಪಿ ಬೇರೆ ಬೇರೆ ಬರಬಹುದು. ಇಸಿಜಿ ಸರಿಯಾಗಿಯೇ ಇರಬಹುದು. ಹೃದಯದ ಹತ್ತಿರದ ಭಾಗ ಸೀಳಿದ್ದರೆ ಮೊದಲ ಎರಡು ದಿನ ಪ್ರತಿ ತಾಸಿಗೆ ಸಾವಿನ ಸಾಧ್ಯತೆ ಶೇ. 1ರಿಂದ 2ರಷ್ಟು ಅಂತ ಲೆಕ್ಕ. ಹೆಪ್ಪು ಕರಗಿಸುವ ಇಂಜೆಕ್ಷನ್ ಹಾರ್ಟ್ ಅಟ್ಯಾಕ್‌ನಲ್ಲಿ ಜೀವ ಉಳಿಸುತ್ತದೆ, ಇಲ್ಲಿ ಜೀವ ತೆಗೆಯಬಹುದು. ಅದಕ್ಕೇ ಎಮರ್ಜೆನ್ಸಿಗೆ ಹೋದಾಗ ಮೊದಲ ಮಾತಿನಲ್ಲೇ ಹೇಳಿ: "ನಮ್ಮ ಮನೆಯಲ್ಲಿ ಅಯೋರ್ಟಾ ಕಾಯಿಲೆ ಇದೆ."

ನಿಮ್ಮ ಕಾಕಾ 50 ದಾಟುವ ಮುಂಚೆ ಹೀಗೆ ಹೋಗಿದ್ದರೆ ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಒಂದು ಸಲ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಮಾಡಿಸಲಿ. ಅಷ್ಟು ಮಾಡಿದರೆ ಸಾಕು, ಗಾಬರಿ ಬೇಡ.

ಜೀನ್, ಪ್ರೋಟೀನ್, ವೇರಿಯಂಟ್ ಅಂತೆಲ್ಲ ಹೇಳುತ್ತೀರಿ. ನಮಗೆ ತಿಳಿಯುವ ಹಾಗೆ ಹೇಳಿ ಸರ್.

ಅಯೋರ್ಟಾದ ಗೋಡೆಯನ್ನು ಕಟ್ಟಿರುವುದು ಪ್ರೋಟೀನ್‌ಗಳು. ಎಲಾಸ್ಟಿನ್ ಅದನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಕೊಲಾಜೆನ್ ಗಟ್ಟಿಯಾಗಿ ಹಿಡಿದಿಡುತ್ತದೆ. ಫೈಬ್ರಿಲಿನ್-1 ಸಣ್ಣ ಎಳೆಗಳಾಗಿ ಜೋಡಿಕೊಂಡು ಎಲಾಸ್ಟಿನ್‌ಗೆ ಆಸರೆ ಕೊಡುತ್ತದೆ. ನಡುವೆ ಸ್ನಾಯುಕೋಶಗಳಿವೆ, ಅವುಗಳ ಒಳಗೆ ಆ್ಯಕ್ಟಿನ್, ಮಯೋಸಿನ್ ಎಂಬ ಎಳೆಯುವ ಪ್ರೋಟೀನ್‌ಗಳಿವೆ. ಯಾವ ಪ್ರೋಟೀನನ್ನು ಹೇಗೆ ಮಾಡಬೇಕು ಅಂತ ಬರೆದಿರುವ ಪಾಠವೇ ಜೀನ್. ಫೈಬ್ರಿಲಿನ್-1ರ ಪಾಠ 15ನೇ ಕ್ರೋಮೋಸೋಮಿನ ಮೇಲೆ ಇದೆ, ಅದರ ಹೆಸರು ಎಫ್‌ಬಿಎನ್1. ಈ ಪ್ರೋಟೀನಿನಲ್ಲಿ 2,871 ಅಮೈನೋ ಆಮ್ಲಗಳು ಸಾಲಾಗಿವೆ. ಆ ಸಾಲಿನಲ್ಲಿ ಒಂದು ಬದಲಾದರೂ ಅದು ವೇರಿಯಂಟ್.

ನಿಮ್ಮಲ್ಲೂ ನನ್ನಲ್ಲೂ ಬೇಕಾದಷ್ಟು ವೇರಿಯಂಟ್‌ಗಳಿವೆ, ಬಹುಪಾಲು ನಿರುಪದ್ರವಿ. ತೊಂದರೆ ಕೊಡುವವು ಎರಡು ರೀತಿ ಕೆಲಸ ಮಾಡುತ್ತವೆ. ಇಳಕಲ್ಲ, ಗುಳೇದಗುಡ್ಡದ ಮಗ್ಗ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಹಾಸಿನಲ್ಲಿ ಅರ್ಧ ನೂಲೇ ಇಲ್ಲದಿದ್ದರೆ ಬಟ್ಟೆ ತೆಳುವಾಗುತ್ತದೆ. ನೂಲಿನ ಲೆಕ್ಕ ಸರಿಯಿದ್ದು ನಡುನಡುವೆ ಪುಸಕ್ಕನೆ ಹರಿಯುವ ಎಳೆ ಸೇರಿಕೊಂಡರೆ ಪಕ್ಕದ ಒಳ್ಳೆಯ ಎಳೆಗಳೂ ಹಿಡಿತ ಕಳೆದುಕೊಳ್ಳುತ್ತವೆ. ಕೆಲವು ವೇರಿಯಂಟ್‌ಗಳಿಂದ ಪ್ರೋಟೀನ್ ಅರ್ಧವೇ ತಯಾರಾಗುತ್ತದೆ. ಇನ್ನು ಕೆಲವು ಕೆಟ್ಟ ಪ್ರೋಟೀನ್ ತಯಾರಿಸಿ ಒಳ್ಳೆಯದರ ಜೊತೆ ಬೆರೆಸುತ್ತವೆ.

ಹಾಗಾದರೆ ಅನ್ಯೂರಿಸಂ ಬಂದವರಿಗೆಲ್ಲ ಜೀನ್ ದೋಷ ಇರುತ್ತದಾ?

ಇಲ್ಲ. ಹೊಟ್ಟೆಯ ಅನ್ಯೂರಿಸಂಗೆ ದೊಡ್ಡ ಕಾರಣ ಬೀಡಿ-ಸಿಗರೇಟು, ಆಮೇಲೆ ವಯಸ್ಸು, ಗಂಡಸಾಗಿರುವುದು, ಬಿಪಿ. ನಿಪ್ಪಾಣಿಯ ತಂಬಾಕು ನಮ್ಮ ಭಾಗಕ್ಕೆ ಎಷ್ಟು ದುಡಿಮೆ ಕೊಟ್ಟಿದೆಯೋ ಅಷ್ಟೇ ಬೀಡಿಯ ಹೊಗೆಯನ್ನೂ ಕೊಟ್ಟಿದೆ. 65 ದಾಟಿದ, ಯಾವಾಗಲಾದರೂ ಬೀಡಿ ಸೇದಿದ ಗಂಡಸರು ಒಂದು ಸಲ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರೆ ಒಳ್ಳೆಯದು.

ಎದೆಯ ಭಾಗದ ಕತೆ ಬೇರೆ. ಅಲ್ಲಿ ಅನ್ಯೂರಿಸಂ ಬಂದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಹತ್ತಿರದ ರಕ್ತಸಂಬಂಧಿಯಲ್ಲೂ ಅದೇ ಇರುತ್ತದೆ. ರೋಗಿ ಚಿಕ್ಕವರಾದಷ್ಟೂ ಜೀನ್ ಅನುಮಾನ ಜಾಸ್ತಿ.

## ಯಾರ ಮೇಲೆ ಅನುಮಾನ ಬರಬೇಕು

ನನ್ನ ಮಗ ಆರಡಿ ಎರಡಿಂಚು ಇದ್ದಾನೆ. ಬೆರಳು ಉದ್ದ, ಮೈ ಸಣಕಲು. ಗೂಗಲ್ ನೋಡಿದರೆ ಮಾರ್ಫನ್ ಅಂತ ಬರುತ್ತದೆ. ನಿಜವಾ?

ಎತ್ತರ ಇದ್ದವರೆಲ್ಲ ಮಾರ್ಫನ್ ಅಲ್ಲ. ಮಾರ್ಫನ್ ಅಂದರೆ ಫೈಬ್ರಿಲಿನ್-1 ಕೆಟ್ಟು ಬರುವ ಜೀನ್ ಕಾಯಿಲೆ. ಸುಮಾರು 5,000 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. 1896ರಲ್ಲಿ ಪ್ಯಾರಿಸ್ಸಿನ ಮಕ್ಕಳ ಡಾಕ್ಟರ್ ಆಂತ್ವಾನ್ ಮಾರ್ಫನ್ ಐದು ವರ್ಷದ ಹುಡುಗಿಯೊಬ್ಬಳ ಉದ್ದ ಬೆರಳುಗಳ ಬಗ್ಗೆ ಬರೆದರು. ಹೆಸರು ಅಲ್ಲಿಂದ ಬಂತು. ಎಫ್‌ಬಿಎನ್1 ಜೀನ್ ಕಾರಣ ಅಂತ ಗೊತ್ತಾಗಿದ್ದು 1991ರಲ್ಲಿ.

ಮನೆಯಲ್ಲೇ ಕೆಲವು ಸಂಗತಿ ನೋಡಬಹುದು. ಎರಡು ಕೈ ಚಾಚಿದಾಗ ಬೆರಳ ತುದಿಯಿಂದ ತುದಿಗೆ ಇರುವ ಅಳತೆ ಎತ್ತರಕ್ಕಿಂತ ಸಾಕಷ್ಟು ಜಾಸ್ತಿ ಇದೆಯಾ? ಹೆಬ್ಬೆರಳು ಮಡಚಿ ಮುಷ್ಟಿ ಕಟ್ಟಿದರೆ ಅದರ ಉಗುರು ಆಚೆ ಬದಿಯಿಂದ ಪೂರ್ತಿ ಹೊರಗೆ ಕಾಣುತ್ತದಾ? ಒಂದು ಕೈಯ ಹೆಬ್ಬೆರಳು ಮತ್ತು ಕಿರುಬೆರಳಿನಿಂದ ಇನ್ನೊಂದು ಕೈಯ ಮಣಿಕಟ್ಟು ಸುತ್ತಿದರೆ ಉಗುರುಗಳು ಒಂದರ ಮೇಲೊಂದು ಬರುತ್ತವಾ? ಎದೆ ಒಳಗೆ ಕುಸಿದಿದೆಯಾ, ಮುಂದೆ ಚಾಚಿದೆಯಾ? ಬೆನ್ನು ಸೊಟ್ಟ ಇದೆಯಾ? ಚಿಕ್ಕವಯಸ್ಸಿಗೇ ದಪ್ಪ ಗಾಜಿನ ಚಷ್ಮಾ ಬಂದಿದೆಯಾ?

ಇವು ಇದ್ದರೂ ಮಾರ್ಫನ್ ಅಂತ ತೀರ್ಮಾನ ಆಗುವುದಿಲ್ಲ. ಮಾರ್ಫನ್ ಗುರುತಿಸಲು ಡಾಕ್ಟರುಗಳು ಬಳಸುವ, 2010ರಲ್ಲಿ ತಿದ್ದಿದ ಘೆಂಟ್ ನಿಯಮಗಳು ಎರಡಕ್ಕೆ ಹೆಚ್ಚು ತೂಕ ಕೊಡುತ್ತವೆ: ಅಯೋರ್ಟಾದ ಬುಡ ಹಿಗ್ಗಿರುವುದು ಮತ್ತು ಕಣ್ಣಿನ ಲೆನ್ಸ್ ಜಾರಿರುವುದು. ಹಾಗಾಗಿ ಮಗನನ್ನು ಎಕೋಗೆ ಕರೆದುಕೊಂಡು ಹೋಗಿ. ಕಣ್ಣಿನ ಡಾಕ್ಟರ್ ಹತ್ತಿರವೂ ಹೋಗಿ, ಡ್ರಾಪ್ಸ್ ಹಾಕಿ ಲೆನ್ಸ್ ನೋಡಿ ಅಂತ ಬಾಯಿಬಿಟ್ಟು ಕೇಳಿ. ಎತ್ತರ ಇದ್ದಾನೆ ಅಂತ ವಾಲಿಬಾಲ್ ಟೀಮಿಗೆ ಸೇರಿಸಿದ್ದರೆ ಇದನ್ನು ಮುಂದೂಡಬೇಡಿ. ಅಮೆರಿಕದ ಒಲಿಂಪಿಕ್ ವಾಲಿಬಾಲ್ ಆಟಗಾರ್ತಿ ಫ್ಲೋ ಹೈಮನ್ 1986ರಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆ ಕುಸಿದು ತೀರಿಕೊಂಡರು. ಮಾರ್ಫನ್ ಇತ್ತು ಅಂತ ಗೊತ್ತಾಗಿದ್ದು ಆಮೇಲೆ.

ನಾವ್ಯಾರೂ ಎತ್ತರ ಇಲ್ಲ. ಕಣ್ಣು ಸರಿ ಇದೆ. ಆದರೂ ಅಪ್ಪನಿಗೆ ಬಂತು, ಸೋದರತ್ತೆಗೂ ಬಂತು. ಅದು ಹೇಗೆ?

ಹೊರಗೆ ಏನೂ ತೋರದೆ ಅಯೋರ್ಟಾವನ್ನು ಮಾತ್ರ ಕೆಡಿಸುವ ವೇರಿಯಂಟ್‌ಗಳಿವೆ. ಹೆಚ್ಚಾಗಿ ಕಾಣುವುದು ಎಸಿಟಿಎ2 ಜೀನಿನದು. ಸ್ನಾಯುಕೋಶದ ಆ್ಯಕ್ಟಿನ್ ಮಾಡುವ ಜೀನ್ ಇದು. ಎಂವೈಎಚ್11 ಮಯೋಸಿನ್ ಮಾಡುತ್ತದೆ. ಇವು ಕೆಟ್ಟರೆ ಗೋಡೆಯ ಸ್ನಾಯು ರಕ್ತದ ಒತ್ತಡಕ್ಕೆ ಸರಿಯಾಗಿ ಎದುರು ನಿಲ್ಲುವುದಿಲ್ಲ. ಎಸಿಟಿಎ2 ಇರುವ ಕೆಲವು ಮನೆಗಳಲ್ಲಿ ಒಬ್ಬರಿಗೆ ಡಿಸೆಕ್ಷನ್, ಇನ್ನೊಬ್ಬರಿಗೆ ಚಿಕ್ಕ ವಯಸ್ಸಿನಲ್ಲೇ ಲಕ್ವಾ ಅಥವಾ ಹಾರ್ಟ್ ಅಟ್ಯಾಕ್ ಆಗಿರುತ್ತದೆ. ಆದ್ದರಿಂದ ವಂಶದ ವಿವರ ಹೇಳುವಾಗ ಲಕ್ವಾ ಹೊಡೆದವರನ್ನು ಬಿಡಬೇಡಿ.

ಅರೆಬರೆ ಲಕ್ಷಣ ತೋರಿಸುವವೂ ಇವೆ. 2005ರಲ್ಲಿ ಗುರುತಿಸಿದ ಲೋಯ್ಸ್-ಡೀಟ್ಜ್ ಕಾಯಿಲೆಯಲ್ಲಿ ಕಿರುನಾಲಿಗೆ ಎರಡಾಗಿ ಸೀಳಿರಬಹುದು, ಕಣ್ಣುಗಳ ನಡುವಿನ ಅಂತರ ಜಾಸ್ತಿ ಇರಬಹುದು, ರಕ್ತನಾಳಗಳು ಸುರುಳಿ ಸುರುಳಿಯಾಗಿರುತ್ತವೆ. ಟಾರ್ಚ್ ಹಿಡಿದು ಬಾಯಿ ನೋಡಲು ಒಂದು ನಿಮಿಷವೂ ಬೇಡ, ಆದರೂ ಯಾರೂ ನೋಡುವುದಿಲ್ಲ. ಮೂರನೇ ಬಗೆಯ ಕೊಲಾಜೆನ್ ಕೆಟ್ಟರೆ ಬರುವುದು ವ್ಯಾಸ್ಕ್ಯುಲರ್ ಎಹ್ಲರ್ಸ್-ಡ್ಯಾನ್ಲಾಸ್. ಚರ್ಮ ತೆಳು, ಒಳಗಿನ ನರ ಎದ್ದು ಕಾಣುತ್ತವೆ, ಸುಮ್ನೆ ತಾಗಿದರೂ ಕಪ್ಪು ಕಟ್ಟುತ್ತದೆ. ಕರುಳು ತಾನಾಗಿಯೇ ತೂತಾಗುವುದೂ ಉಂಟು.

ನಾನು ಸೋದರಮಾವನನ್ನೇ ಮದುವೆಯಾಗಿದ್ದೇನೆ. ಅದಕ್ಕೇ ಮಗಳಿಗೆ ಹೀಗಾಯಿತು ಅಂತ ಮನೆಯಲ್ಲಿ ಅನ್ನುತ್ತಾರೆ. ಹೌದಾ?

ಈ ಪ್ರಶ್ನೆ ಕೇಳಿದವರೆಲ್ಲ ಹೆಣ್ಣುಮಕ್ಕಳು. ಒಬ್ಬ ಗಂಡನೂ ಕೇಳಿಲ್ಲ.

ಮಾರ್ಫನ್, ಲೋಯ್ಸ್-ಡೀಟ್ಜ್, ಎಸಿಟಿಎ2 ಕಾಯಿಲೆಗಳಿಗೆ ಸೋದರಿಕೆಯ ಮದುವೆ ಕಾರಣವಲ್ಲ. ಪ್ರತಿ ಜೀನಿನ ಎರಡು ಪ್ರತಿ ನಮ್ಮಲ್ಲಿರುತ್ತವೆ, ಅಪ್ಪನದೊಂದು, ಅವ್ವನದೊಂದು. ಈ ಕಾಯಿಲೆಗಳಲ್ಲಿ ಒಂದು ಪ್ರತಿ ಕೆಟ್ಟರೂ ಸಾಕು. ಗಂಡ ಹೊರಗಿನವನಾದರೂ, ಸೋದರಮಾವನಾದರೂ, ತಂದೆತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಮಾರ್ಫನ್ ಇರುವ ಸುಮಾರು ಕಾಲುಭಾಗ ಜನರಲ್ಲಿ ವೇರಿಯಂಟ್ ಹೊಸದಾಗಿ ಹುಟ್ಟಿರುತ್ತದೆ. ಅಪ್ಪ ಅವ್ವ ಇಬ್ಬರಲ್ಲೂ ಇರುವುದಿಲ್ಲ.

ಆದರೆ ಸೋದರಿಕೆಯ ಮದುವೆಗೆ ಸಂಬಂಧವೇ ಇಲ್ಲ ಅಂತಲೂ ಹೇಳಲಾರೆ. ಎರಡೂ ಪ್ರತಿ ಕೆಟ್ಟಾಗ ಮಾತ್ರ ಬರುವ ಕಾಯಿಲೆಗಳಿವೆ. ಒಂದೇ ಅಜ್ಜ-ಅಜ್ಜಿಯಿಂದ ಬಂದ ಇಬ್ಬರು ಮದುವೆಯಾದರೆ ಒಂದೇ ಕೆಟ್ಟ ಪ್ರತಿ ಎರಡೂ ಕಡೆಯಿಂದ ಮಗುವಿಗೆ ಸೇರುವ ಸಾಧ್ಯತೆ ಜಾಸ್ತಿ. ಫೈಬ್ಯುಲಿನ್-4 ಎಂಬ ಪ್ರೋಟೀನ್ ಹೀಗೆ ಕೆಟ್ಟರೆ ಹಸುಗೂಸಿನಲ್ಲೇ ಅಯೋರ್ಟಾ ಉಬ್ಬುತ್ತದೆ. 2012ರಲ್ಲಿ ಕೇರಳದ ಡಾಕ್ಟರುಗಳು ಇಂಥ 22 ಶಿಶುಗಳ ವರದಿ ಪ್ರಕಟಿಸಿದರು. ಪರೀಕ್ಷೆ ಮಾಡಿದ ಮಕ್ಕಳಲ್ಲಿ ಸಿಕ್ಕಿದ್ದು ಒಂದೇ ವೇರಿಯಂಟ್. ರಕ್ತನಾಳಗಳು ಸುರುಳಿ ಸುತ್ತುವ ಇನ್ನೊಂದು ಅಪರೂಪದ ಕಾಯಿಲೆ ಎಸ್‌ಎಲ್‌ಸಿ2ಎ10 ಜೀನಿನಿಂದ ಬರುತ್ತದೆ. ಅದೂ ಇದೇ ಗುಂಪಿನದು.

ನಮ್ಮ ಭಾಗದ ಡಾಕ್ಟರುಗಳು ಮರೆಯಬಾರದ ಒಂದು ಹೆಸರು ಹೋಮೋಸಿಸ್ಟಿನ್ಯೂರಿಯಾ. ನೋಡಲು ಥೇಟ್ ಮಾರ್ಫನ್: ಎತ್ತರ, ಉದ್ದ ಬೆರಳು, ಜಾರಿದ ಲೆನ್ಸ್. ಆದರೆ ಲೆನ್ಸ್ ಸಾಮಾನ್ಯವಾಗಿ ಕೆಳಗೆ ಜಾರಿರುತ್ತದೆ, ಮಾರ್ಫನ್‌ನಲ್ಲಿ ಮೇಲಕ್ಕೆ. ಕಲಿಕೆ ಹಿಂದೆ ಬೀಳಬಹುದು. ರಕ್ತ ಹೆಪ್ಪುಗಟ್ಟುವುದೇ ಇಲ್ಲಿ ದೊಡ್ಡ ಅಪಾಯ, ಅಯೋರ್ಟಾ ಅಲ್ಲ. ಇದಕ್ಕೆ ಚಿಕಿತ್ಸೆ ಇದೆ. ಸುಮಾರು ಅರ್ಧದಷ್ಟು ರೋಗಿಗಳು ಬಿ6 ವಿಟಮಿನ್‌ಗೆ ಸ್ಪಂದಿಸುತ್ತಾರೆ. ರಕ್ತದಲ್ಲಿ ಹೋಮೋಸಿಸ್ಟೀನ್ ಮಟ್ಟ ನೋಡಿದರೆ ಗೊತ್ತಾಗುತ್ತದೆ. ಸೋದರಿಕೆಯಲ್ಲಿ ಮದುವೆಯಾದವರ ಮಗು ಮಾರ್ಫನ್ ಹಾಗೆ ಕಂಡರೆ ಈ ಟೆಸ್ಟ್ ಬಿಡಬಾರದು.

ಇನ್ನೊಂದು ಮಾತು. ಅಜ್ಜಿಗೆ ಮಾರ್ಫನ್ ಇತ್ತು ಅಂದುಕೊಳ್ಳಿ. ಅವರ ಮಗನಿಗೂ ಬಂತು, ಮಗಳ ಮಗಳಿಗೂ ಬಂತು. ಇವರಿಬ್ಬರೇ ಮದುವೆಯಾದರೆ ಮಗುವಿಗೆ ಎರಡೂ ಕಡೆಯಿಂದ ಬರಬಹುದು. ಅದು ಅಪರೂಪ, ಆದರೆ ಬಹಳ ತೀವ್ರ. ಮಾರ್ಫನ್ ಇರುವ ಮನೆಗಳಲ್ಲಿ ಒಳಗೊಳಗೇ ಸಂಬಂಧ ಬೆಳೆಸುವ ಮುಂಚೆ ಇಬ್ಬರಿಗೂ ಎಕೋ ಆಗಿರಲಿ.

ಎಕೋದಲ್ಲಿ "ವಾಲ್ವಿಗೆ ಎರಡೇ ಎಸಳು" ಅಂತ ಬರೆದಿದ್ದಾರೆ. ಇದೂ ಇದಕ್ಕೇ ಸೇರಿದ್ದಾ?

ಸ್ವಲ್ಪ ಮಟ್ಟಿಗೆ ಹೌದು. ಅಯೋರ್ಟಾದ ವಾಲ್ವಿಗೆ ಮೂರು ಎಸಳು ಇರಬೇಕು. ನೂರರಲ್ಲಿ ಒಬ್ಬಿಬ್ಬರಿಗೆ ಎರಡೇ ಇರುತ್ತವೆ. ಅವರಲ್ಲಿ ಅಯೋರ್ಟಾ ಹಿಗ್ಗುವುದು ಜಾಸ್ತಿ. ಕೆಲವು ಮನೆಗಳಲ್ಲಿ ನಾಚ್1 ಜೀನ್ ಕಾರಣ, ಬಹಳಷ್ಟು ಮನೆಗಳಲ್ಲಿ ಒಂದೇ ಜೀನ್ ಅಂತ ಸಿಗುವುದಿಲ್ಲ. ಒಡಹುಟ್ಟಿದವರಿಗೆ ಮತ್ತು ಮಕ್ಕಳಿಗೆ ಒಂದು ಎಕೋ ಸಾಕು.

## ಪರೀಕ್ಷೆಗಳು

ಮೊದಲು ಜೀನ್ ಟೆಸ್ಟ್ ಮಾಡಿಸಬೇಕಾ, ಎಕೋ ಮಾಡಿಸಬೇಕಾ?

ಎಕೋ. ಇದರಲ್ಲಿ ನನಗೆ ಎರಡು ಮಾತಿಲ್ಲ. ನಾಳೆ ಏನಾಗಬಹುದು ಅಂತ ಜೀನ್ ಹೇಳುತ್ತದೆ, ಇವತ್ತು ಏನಾಗಿದೆ ಅಂತ ಎಕೋ ಹೇಳುತ್ತದೆ. ಬೆಳಗಾವಿಯ ಕೆಎಲ್‌ಇ, ಬಾಗಲಕೋಟೆಯ ಕುಮಾರೇಶ್ವರ, ವಿಜಯಪುರದ ಬಿಎಲ್‌ಡಿಇ ಥರದ ಮೆಡಿಕಲ್ ಕಾಲೇಜ್ ಆಸ್ಪತ್ರೆಗಳಲ್ಲಿ ಎಕೋ ಆಗುತ್ತದೆ. ಇದಕ್ಕಾಗಿ ಬೆಂಗಳೂರಿಗೆ ಬಸ್ ಹತ್ತಬೇಕಾಗಿಲ್ಲ.

ರಿಪೋರ್ಟಿನಲ್ಲಿ "ನಾರ್ಮಲ್" ಅಂತ ಮಾತ್ರ ಬರೆಸಿಕೊಂಡು ಬರಬೇಡಿ. ಅಯೋರ್ಟಾದ ಬುಡದ ಅಳತೆ, ಅದರ ಮೇಲಿನ ಭಾಗದ ಅಳತೆ ಮಿ.ಮೀ.ನಲ್ಲಿ ಬರೆಯಿರಿ ಅಂತ ಕೇಳಿ. ಮುಂದಿನ ವರ್ಷ ಎಷ್ಟು ಹಿಗ್ಗಿದೆ ಅಂತ ನೋಡಲು ಆ ಅಂಕಿ ಬೇಕು. ಮಕ್ಕಳಲ್ಲಿ ಮೈಗಾತ್ರಕ್ಕೆ ಹೋಲಿಸಿ ಝಡ್ ಸ್ಕೋರ್ ಅಂತ ಲೆಕ್ಕ ಹಾಕುತ್ತಾರೆ. ಮೂರು ಸೆಂ.ಮೀ. ದೊಡ್ಡವರಿಗೆ ಸರಿ, ಏಳು ವರ್ಷದ ಹುಡುಗಿಗೆ ಸರಿಯಲ್ಲ.

ಎಕೋದಲ್ಲಿ ಪೂರ್ತಿ ಅಯೋರ್ಟಾ ಕಾಣುವುದಿಲ್ಲ. ಅನುಮಾನ ಇದ್ದರೆ ಸಿಟಿ ಅಥವಾ ಎಂಆರ್‌ಐ ಬೇಕಾಗುತ್ತದೆ. ಲೋಯ್ಸ್-ಡೀಟ್ಜ್‌ನಲ್ಲಿ ತಲೆಯಿಂದ ಸೊಂಟದವರೆಗೆ ರಕ್ತನಾಳ ನೋಡಲೇಬೇಕು.

ಜೀನ್ ಟೆಸ್ಟಿಗೆ ನನ್ನ ರಕ್ತ ಕೊಡಲಾ? ನನಗೆ ಏನೂ ಇಲ್ಲ, ಅಣ್ಣನಿಗೆ ಇದೆ.

ಮೊದಲು ಅಣ್ಣನ ರಕ್ತ. ಬಹಳ ಮನೆಗಳಲ್ಲಿ ಇದು ತಿರುವುಮುರುವು ಆಗುತ್ತದೆ. ಅಣ್ಣ ಐಸಿಯುದಲ್ಲಿ ಮಲಗಿರುತ್ತಾನೆ, ಆರೋಗ್ಯವಾಗಿರುವ ತಮ್ಮ ದುಡ್ಡು ಕೊಟ್ಟು ತನ್ನ ಟೆಸ್ಟ್ ಮಾಡಿಸುತ್ತಾನೆ. ಏನೂ ಸಿಗಲಿಲ್ಲ ಅಂದರೆ ಏನು ಅರ್ಥ? ಅವನಿಗೆ ಬಂದಿಲ್ಲ ಅಂತಲೋ, ಆ ಮನೆಯ ವೇರಿಯಂಟ್ ಹಿಡಿಯಲು ಆ ಟೆಸ್ಟಿಗೆ ಆಗಲಿಲ್ಲ ಅಂತಲೋ ತಿಳಿಯುವುದೇ ಇಲ್ಲ.

ಕಾಯಿಲೆ ಇದ್ದವರಿಗೆ ಅಯೋರ್ಟಾ ಸಂಬಂಧದ ಜೀನ್‌ಗಳ ಪ್ಯಾನೆಲ್, ಅಂದರೆ ಹಲವು ಜೀನ್ ಒಟ್ಟಿಗೆ ನೋಡುವ ಟೆಸ್ಟ್, ಮಾಡಿಸಬೇಕು. ಕೆಲವು ಮಿ.ಲೀ. ರಕ್ತ ಸಾಕು, ಇಲ್ಲಿಂದಲೇ ಲ್ಯಾಬಿಗೆ ಕಳಿಸಬಹುದು. ವೇರಿಯಂಟ್ ಸಿಕ್ಕ ಮೇಲೆ ಉಳಿದವರಿಗೆ ಅದೊಂದನ್ನೇ ಹುಡುಕಿದರಾಯಿತು. ಖರ್ಚೂ ಕಡಿಮೆ, ಉತ್ತರವೂ ಸ್ಪಷ್ಟ. ಟೆಸ್ಟಿಗೆ ಮುಂಚೆ ಮತ್ತು ಆಮೇಲೆ ಜೆನೆಟಿಕ್ ಕೌನ್ಸೆಲಿಂಗ್ ಮಾಡಿಸಿ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಮಣಿಪಾಲದ ಕಸ್ತೂರಬಾ ಆಸ್ಪತ್ರೆಯ ಜೆನೆಟಿಕ್ಸ್ ವಿಭಾಗ ಇಂಥ ಕಡೆ ಹೋಗಬಹುದು. ಹೋಗುವಾಗ ಮೂರು ತಲೆಮಾರಿನ ವಂಶವೃಕ್ಷ ಬರೆದುಕೊಂಡು ಹೋಗಿ. ಯಾರು, ಎಷ್ಟು ವಯಸ್ಸಿಗೆ, ಹೇಗೆ ತೀರಿಕೊಂಡರು ಅಂತ ಮನೆಯ ಹಿರಿಯ ಹೆಣ್ಣುಮಕ್ಕಳಿಗೆ ಚೆನ್ನಾಗಿ ನೆನಪಿರುತ್ತದೆ.

ರಿಪೋರ್ಟಿನಲ್ಲಿ ವಿಯುಎಸ್ ಅಂತ ಬಂದಿದೆ. ತಂಗಿಯ ಮದುವೆ ನಿಶ್ಚಯ ಆಗಿದೆ. ಬೀಗರಿಗೆ ಹೇಳಬೇಕಾ?

ವಿಯುಎಸ್ ಅಂದರೆ ಅರ್ಥ ಇನ್ನೂ ತಿಳಿಯದ ವೇರಿಯಂಟ್. 2015ರಿಂದ ಲ್ಯಾಬುಗಳು ವೇರಿಯಂಟ್‌ಗಳನ್ನು ಐದು ದರ್ಜೆಯಲ್ಲಿ ಇಡುತ್ತವೆ. ಒಂದು ತುದಿಗೆ ಖಚಿತವಾಗಿ ಕೆಟ್ಟದ್ದು, ಇನ್ನೊಂದು ತುದಿಗೆ ಖಚಿತವಾಗಿ ನಿರುಪದ್ರವಿ. ವಿಯುಎಸ್ ನಡುವಿನದು. ಇದು ರೋಗನಿರ್ಣಯ ಅಲ್ಲವೇ ಅಲ್ಲ. ಇದರ ಮೇಲೆ ಆಪರೇಷನ್ ನಿರ್ಧಾರ ಮಾಡುವಂತಿಲ್ಲ, ಮದುವೆ ಮುರಿಯುವ ಮಾತಂತೂ ದೂರ. ತಂಗಿಗೆ ಎಕೋ ಮಾಡಿಸಿ. ಬೀಗರಿಗೆ ಏನು ಹೇಳಬೇಕು ಅನ್ನುವುದು ತಂಗಿಯ ತೀರ್ಮಾನ, ನಿಮ್ಮದಲ್ಲ.

ನಮ್ಮವರ ರಿಪೋರ್ಟಿನಲ್ಲಿ ವಿಯುಎಸ್ ಜಾಸ್ತಿ ಬರಲು ಒಂದು ಕಾರಣ ಇದೆ. ಹೋಲಿಸಿ ನೋಡುವ ಡೇಟಾಬೇಸ್‌ಗಳಲ್ಲಿ ಯುರೋಪ್ ಮೂಲದವರೇ ಹೆಚ್ಚು. ನಮ್ಮಲ್ಲಿ ಸಾಮಾನ್ಯವಾಗಿರುವ ವೇರಿಯಂಟ್ ಅಲ್ಲಿ ಅಪರೂಪದ್ದಾಗಿ ಕಾಣುತ್ತದೆ. 10,000 ಭಾರತೀಯರ ಜೀನೋಮ್ ಓದಿದ ಜೀನೋಮ್ ಇಂಡಿಯಾ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿತು. ಇದರಿಂದ ಕೆಲವು ಗೊಂದಲ ಬಗೆಹರಿಯಬೇಕು. ಎರಡು-ಮೂರು ವರ್ಷಕ್ಕೊಮ್ಮೆ ಅದೇ ವೇರಿಯಂಟ್ ಮತ್ತೆ ಪರಿಶೀಲಿಸಿ ಅಂತ ಲ್ಯಾಬಿಗೆ ಕೇಳಬಹುದು. ಮನೆಯಲ್ಲಿ ಕಾಯಿಲೆ ಇರುವವರೆಲ್ಲರಲ್ಲೂ ಅದು ಇದೆಯಾ ಅಂತ ನೋಡುವುದೂ ಉಪಯೋಗಕ್ಕೆ ಬರುತ್ತದೆ.

ಟೆಸ್ಟ್ ನೆಗೆಟಿವ್ ಬಂತು. ಇನ್ನು ನಿಶ್ಚಿಂತೆ ಅಲ್ವಾ?

ಮನೆಯಲ್ಲಿ ಕೆಟ್ಟ ವೇರಿಯಂಟ್ ಯಾವುದು ಅಂತ ಗೊತ್ತಿದ್ದು, ನಿಮ್ಮಲ್ಲಿ ಅದು ಇಲ್ಲದಿದ್ದರೆ ನಿಶ್ಚಿಂತೆ. ಕಾಯಿಲೆ ಇರುವವರಲ್ಲೇ ಏನೂ ಸಿಗದಿದ್ದರೆ ನಿಶ್ಚಿಂತೆ ಅಲ್ಲ. ಒಂದೇ ಮನೆಯಲ್ಲಿ ಹಲವರಿಗೆ ಎದೆಯ ಅನ್ಯೂರಿಸಂ ಇದ್ದರೂ ಹೆಚ್ಚಿನ ಮನೆಗಳಲ್ಲಿ ಕಾರಣದ ಜೀನ್ ಇನ್ನೂ ಗೊತ್ತಾಗಿಲ್ಲ. ಅಂಥವರು ಎಕೋ ಮುಂದುವರಿಸಬೇಕು.

## ಬದುಕು ಮತ್ತು ಚಿಕಿತ್ಸೆ

ನಾನು ಗರಡಿ ಹುಡುಗ. ಜಾತ್ರೆಯಲ್ಲಿ ಚೀಲ ಎತ್ತುತ್ತೇನೆ. ಎಲ್ಲ ಬಿಡಬೇಕಾ?

ಚೀಲ ಎತ್ತುವುದು, ಗುಂಡು ಎತ್ತುವುದು, ಕುಸ್ತಿ ಬಿಡಬೇಕು. ಬೇಜಾರಾಗುತ್ತದೆ, ಗೊತ್ತು. ಮುಧೋಳ, ಬೆಳಗಾವಿ ಕಡೆಯ ಹುಡುಗರಿಗೆ ಗರಡಿ ಬಿಡು ಅನ್ನುವುದು ಸುಲಭದ ಮಾತಲ್ಲ. ಆದರೆ ಉಸಿರು ಬಿಗಿಹಿಡಿದು ಭಾರ ಎತ್ತಿದಾಗ ಬಿಪಿ ಎಲ್ಲಿಗೆ ಹೋಗುತ್ತದೆ ಗೊತ್ತಾ? ಪಳಗಿದ ಭಾರ ಎತ್ತುವವರ ರಕ್ತನಾಳದಲ್ಲೇ ಸೂಜಿ ಇಟ್ಟು ಅಳೆದಾಗ ಮೇಲಿನ ಅಂಕಿ 300 ದಾಟಿದ್ದು ದಾಖಲಾಗಿದೆ. ದುರ್ಬಲ ಗೋಡೆ ಅದನ್ನು ತಡೆಯುವುದಿಲ್ಲ.

ನಡಿಗೆ, ಹಗೂರ ಸೈಕಲ್, ಈಜು ಮಾಡಬಹುದು. ಮಾತಾಡುತ್ತಾ ಮಾಡಲು ಆಗುವಷ್ಟು ದಣಿವು ಸಾಕು. ಕಬಡ್ಡಿ ಬೇಡ. ಹೊಲದಲ್ಲಿ ಕಳೆ ತೆಗೆಯಬಹುದು, ನೀರು ಕಟ್ಟಬಹುದು. ಕಬ್ಬಿನ ಹೊರೆ ಟ್ರ್ಯಾಕ್ಟರಿಗೆ ಹೇರುವ ಕೆಲಸ ಬೇರೆಯವರಿಗೆ ಬಿಡಿ. ಮಲಬದ್ಧತೆಯಲ್ಲಿ ಮುಕ್ಕುವುದೂ ಅಷ್ಟೇ ಕೆಟ್ಟದ್ದು, ನಾಚಿಕೆ ಬಿಟ್ಟು ಹೇಳಿ, ಔಷಧ ಇದೆ.

ಮಾತ್ರೆಯಿಂದ ಉಬ್ಬು ಕರಗುತ್ತದಾ?

ಕರಗುವುದಿಲ್ಲ. ಹಿಗ್ಗುವ ವೇಗ ಕಡಿಮೆಯಾಗುತ್ತದೆ. ಎದೆಬಡಿತದ ಹೊಡೆತ ತಗ್ಗಿಸಲು ಅಟೆನೋಲಾಲ್ ಥರದ ಬೀಟಾ ಬ್ಲಾಕರ್ ಕೊಡುತ್ತಾರೆ, ಅಥವಾ ಬಿಪಿಗೆ ಕೊಡುವ ಲೊಸಾರ್ಟಾನ್ ಗುಂಪಿನದು, ಇಲ್ಲವೇ ಎರಡೂ.

ಲೊಸಾರ್ಟಾನ್ ಕತೆ ಸ್ವಾರಸ್ಯವಾಗಿದೆ. ಫೈಬ್ರಿಲಿನ್ ಬರೀ ಆಸರೆ ಅಲ್ಲ, ಟಿಜಿಎಫ್-ಬೀಟಾ ಎಂಬ ಸಂದೇಶದ ಪ್ರೋಟೀನನ್ನು ಹಿಡಿದಿಡುತ್ತದೆ ಕೂಡ. ಫೈಬ್ರಿಲಿನ್ ಕೆಟ್ಟರೆ ಆ ಸಂದೇಶ ಲಂಗುಲಗಾಮಿಲ್ಲದೆ ಓಡಾಡುತ್ತದೆ. 2006ರಲ್ಲಿ ಮಾರ್ಫನ್ ಇಲಿಗಳಿಗೆ ಲೊಸಾರ್ಟಾನ್ ಕೊಟ್ಟಾಗ ಅಯೋರ್ಟಾ ಹಿಗ್ಗುವುದು ನಿಂತಿತು. ಎಲ್ಲರಿಗೂ ಭಾರಿ ಆಸೆ ಹುಟ್ಟಿತು. 2014ರಲ್ಲಿ ಮಕ್ಕಳು ಮತ್ತು ಯುವಕರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಅದು ಅಟೆನೋಲಾಲ್‌ಗಿಂತ ಮೇಲೆನಿಸಲಿಲ್ಲ. 2022ರಲ್ಲಿ ಹಲವು ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ಈ ಗುಂಪಿನ ಔಷಧ ಹಿಗ್ಗುವ ವೇಗವನ್ನು ಹತ್ತಿರಹತ್ತಿರ ಅರ್ಧಕ್ಕೆ ಇಳಿಸುವುದು ಕಂಡಿತು. ಇಲಿಯಷ್ಟು ಲಾಭ ಇಲ್ಲ, ಆದರೆ ಬಿಡುವಂಥದ್ದೂ ಅಲ್ಲ.

ತೆಗೆದುಕೊಳ್ಳಬಾರದ ಔಷಧ ಯಾವುದಾದರೂ ಇದೆಯಾ?

ಇದೆ. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್, ಆಫ್ಲಾಕ್ಸಸಿನ್ ಗುಂಪಿನ ಆ್ಯಂಟಿಬಯಾಟಿಕ್‌ಗಳು. ಬೇರೆ ದಾರಿ ಇದ್ದರೆ ಅಯೋರ್ಟಾ ಕಾಯಿಲೆ ಇರುವವರಿಗೆ ಇವನ್ನು ಕೊಡಬಾರದು ಅಂತ ಅಮೆರಿಕದ ಎಫ್‌ಡಿಎ 2018ರ ಡಿಸೆಂಬರ್‌ನಲ್ಲಿ ಎಚ್ಚರಿಸಿತು. ನಮ್ಮಲ್ಲಿ ಭೇದಿಯಾದರೆ ಮೆಡಿಕಲ್ ಶಾಪಿನವರು ಚೀಟಿ ಇಲ್ಲದೆ ಕೊಡುವುದೇ ಇವನ್ನು! ಹೆಸರು ಬರೆದು ಪಾಕೀಟಿನಲ್ಲಿ ಇಟ್ಟುಕೊಳ್ಳಿ.

ಎಷ್ಟು ಸೆಂ.ಮೀ. ಆದಾಗ ಆಪರೇಷನ್? ಪಕ್ಕದ ಮನೆಯವರಿಗೆ 5.5 ಅಂದರು, ನಮಗೆ 4.5ಕ್ಕೇ ಮಾಡಿಸಿ ಅಂತಿದ್ದಾರೆ.

ಇಬ್ಬರಿಗೂ ಸರಿಯಾಗಿಯೇ ಹೇಳಿದ್ದಾರೆ. ಯಾವ ಪ್ರೋಟೀನ್ ಕೆಟ್ಟಿದೆ ಅನ್ನುವುದರ ಮೇಲೆ ಅಂಕಿ ಬದಲಾಗುತ್ತದೆ. ಜೀನ್ ಟೆಸ್ಟಿನ ದೊಡ್ಡ ಉಪಯೋಗವೇ ಇದು. ಜೀನ್ ದೋಷ ಇಲ್ಲದವರಿಗೆ ಹೃದಯದ ಹತ್ತಿರದ ಭಾಗಕ್ಕೆ ಸಾಮಾನ್ಯವಾಗಿ 5.5, ನುರಿತ ಸರ್ಜನ್ ಇದ್ದರೆ 5. ಮಾರ್ಫನ್‌ನಲ್ಲಿ 5, ಮನೆಯಲ್ಲಿ ಡಿಸೆಕ್ಷನ್ ಆಗಿದ್ದರೆ ಅಥವಾ ಬೇಗ ಹಿಗ್ಗುತ್ತಿದ್ದರೆ 4.5. ಲೋಯ್ಸ್-ಡೀಟ್ಜ್‌ನಲ್ಲಿ 4ರಿಂದ 4.5, ಯಾಕೆಂದರೆ ಅಲ್ಲಿ ಸಣ್ಣ ಅಳತೆಯಲ್ಲೇ ಸೀಳುತ್ತದೆ. ಹೊಟ್ಟೆಯ ಅನ್ಯೂರಿಸಂಗೆ ಗಂಡಸರಲ್ಲಿ 5.5, ಹೆಂಗಸರಲ್ಲಿ 5. ಗಿಡ್ಡ ಇರುವವರಿಗೆ ಎತ್ತರದ ಜೊತೆ ಲೆಕ್ಕ ಹಾಕಿ ಬೇಗನೇ ಮಾಡುವುದುಂಟು.

ಅಯೋರ್ಟಾದ ಬುಡವನ್ನೂ ವಾಲ್ವನ್ನೂ ಒಟ್ಟಿಗೆ ಬದಲಿಸುವ ಆಪರೇಷನ್ನನ್ನು ಬ್ರಿಟನ್ನಿನ ಹ್ಯೂ ಬೆಂಟಾಲ್ 1968ರಲ್ಲಿ ವಿವರಿಸಿದರು. ಈಗಲೂ ಅದೇ ಹೆಸರು. ಲೋಹದ ವಾಲ್ವ್ ಹಾಕಿದರೆ ಬದುಕಿರುವವರೆಗೆ ರಕ್ತ ತೆಳು ಮಾಡುವ ಮಾತ್ರೆ, ಎಷ್ಟು ತೆಳುವಾಗಿದೆ ಅಂತ ನೋಡಲು ಆಗಾಗ ಐಎನ್‌ಆರ್ ಟೆಸ್ಟ್. ಸ್ವಂತ ವಾಲ್ವ್ ಉಳಿಸಿ ಮಾಡುವ ವಿಧಾನವೂ ಇದೆ, ಸಾಧ್ಯವಾ ಅಂತ ಕೇಳಿ. ಯೋಜಿಸಿ ಮಾಡುವ ಆಪರೇಷನ್ನಿಗೂ, ಸೀಳಿದ ಮೇಲೆ ರಾತ್ರೋರಾತ್ರಿ ಮಾಡುವುದಕ್ಕೂ ಅಪಾಯದಲ್ಲಿ ಅಜಗಜಾಂತರ. ಖರ್ಚಿನ ಬಗ್ಗೆ ಬಿಪಿಎಲ್ ಕಾರ್ಡಿನವರು ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಬರುತ್ತದೆ ಅಂತ ಮುಂಚೆಯೇ ವಿಚಾರಿಸಿ.

ಮಾರ್ಫನ್ ಇದ್ದವರು ಎಷ್ಟು ವರ್ಷ ಬದುಕುತ್ತಾರೆ?

1972ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಸರಾಸರಿ ಸಾವಿನ ವಯಸ್ಸು 32 ಇತ್ತು. ಈಗ ಸರಿಯಾಗಿ ನೋಡಿಕೊಂಡವರ ಆಯಸ್ಸು ಉಳಿದವರ ಹತ್ತಿರಕ್ಕೇ ಬಂದಿದೆ. ಹಳೆಯ ಪುಸ್ತಕದ ಅಂಕಿ ನೋಡಿ ಅಳಬೇಡಿ.

ಸೊಸೆಗೆ ಮಾರ್ಫನ್ ಇದೆ. ಮಗು ಆಗಬಹುದಾ?

ಬಹಳಷ್ಟು ಜನರಿಗೆ ಆಗಬಹುದು, ಆದರೆ ಬಸಿರಾಗುವ ಮುಂಚೆ ಎಕೋ ಆಗಬೇಕು. ಕೊನೆಯ ಮೂರು ತಿಂಗಳು ಮತ್ತು ಹೆರಿಗೆಯ ನಂತರದ ವಾರಗಳಲ್ಲಿ ಡಿಸೆಕ್ಷನ್ ಅಪಾಯ ಜಾಸ್ತಿ. ಬುಡ 4 ಸೆಂ.ಮೀ. ಒಳಗಿದ್ದರೆ ಅಪಾಯ ಕಡಿಮೆ. 4.5 ದಾಟಿದ್ದರೆ ಮೊದಲು ಆಪರೇಷನ್, ಆಮೇಲೆ ಮಗು. ಲೊಸಾರ್ಟಾನ್ ಮಗುವಿಗೆ ಅಪಾಯ, ಡಾಕ್ಟರಿಗೆ ಕೇಳಿ ಮುಂಚೆಯೇ ಬದಲಿಸಬೇಕು. ಹೆರಿಗೆ ತವರಿನ ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಬೇಡ, ಹಾರ್ಟ್ ಸರ್ಜನ್ ಇರುವ ಕಡೆ ಆಗಲಿ.

## ಇನ್ನಷ್ಟು ಆಳಕ್ಕೆ

ಒಂದೇ ವೇರಿಯಂಟ್. ಅಣ್ಣನಿಗೆ 30ಕ್ಕೆ ಆಪರೇಷನ್, ನನಗೆ 50 ಆದರೂ ಏನೂ ಇಲ್ಲ. ಯಾಕೆ?

ವೇರಿಯಂಟ್ ಒಂದೇ ಎಲ್ಲ ತೀರ್ಮಾನಿಸುವುದಿಲ್ಲ. ಬಿಪಿ, ಬೀಡಿ, ದುಡಿಮೆಯ ರೀತಿ, ಜೊತೆಗೆ ಬಂದ ಬೇರೆ ಜೀನ್‌ಗಳು ಎಲ್ಲ ಕೈಹಾಕುತ್ತವೆ. ನಿಮ್ಮ ಒಳ್ಳೆಯ ಪ್ರತಿ ಎಷ್ಟು ಫೈಬ್ರಿಲಿನ್ ತಯಾರಿಸುತ್ತದೆ ಅನ್ನುವುದೂ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ.

ಮನೆಯಿಂದ ಮನೆಗೆ ಇರುವ ವ್ಯತ್ಯಾಸದಲ್ಲಿ ಮಾತ್ರ ವೇರಿಯಂಟ್ ಎಲ್ಲಿ ಕೂತಿದೆ ಅನ್ನುವುದು ಮುಖ್ಯ. ಫೈಬ್ರಿಲಿನ್‌ನ ಹಲವು ತುಂಡುಗಳಲ್ಲಿ ಆರು ಸಿಸ್ಟೀನ್ ಅಮೈನೋ ಆಮ್ಲ‌ಗಳು ಮೂರು ಜೋಡಿಯಾಗಿ ಕೊಂಡಿ ಹಾಕಿಕೊಂಡಿರುತ್ತವೆ. ಒಂದು ಸಿಸ್ಟೀನ್ ಬದಲಾದರೆ ಒಂದು ಕೊಂಡಿ ಹೋಗುತ್ತದೆ, ತುಂಡಿನ ಆಕಾರ ಕೆಡುತ್ತದೆ. ಇಂಥವರಲ್ಲಿ ಲೆನ್ಸ್ ಜಾರುವುದು ಜಾಸ್ತಿ. ಪ್ರೋಟೀನ್ ಅರ್ಧವೇ ತಯಾರಾಗುವ ಬಗೆಯಲ್ಲಿ ಅಯೋರ್ಟಾ ತೊಂದರೆ ಜೋರು. ಜೀನಿನ ನಡುಭಾಗ, ಅಂದರೆ 24ರಿಂದ 32ನೇ ಎಕ್ಸಾನ್‌ಗಳಲ್ಲಿ (ಜೀನಿನ ಪಾಠದ ತುಂಡುಗಳಲ್ಲಿ) ಬಂದ ಕೆಲವು ವೇರಿಯಂಟ್‌ಗಳು ಹುಟ್ಟಿನಿಂದಲೇ ತೀವ್ರ ಕಾಯಿಲೆ ತರುತ್ತವೆ.

ಹೊಟ್ಟೆಯ ಅನ್ಯೂರಿಸಂನಲ್ಲಿ ಪ್ರೋಟೀನ್ ವೇರಿಯಂಟ್ ಪಾತ್ರವೇ ಇಲ್ಲವಾ?

ಇದೆ, ಆದರೆ ಅಲ್ಲಿ ಒಂದೇ ದೊಡ್ಡ ವೇರಿಯಂಟ್ ಅಲ್ಲ, ನೂರಾರು ಸಣ್ಣವು ಸೇರಿ ತೂಕ ಹಾಕುತ್ತವೆ. 2023ರಲ್ಲಿ ಬಂದ ದೊಡ್ಡ ಅಧ್ಯಯನವೊಂದು 121 ಜೀನ್ ಪ್ರದೇಶಗಳನ್ನು ಗುರುತಿಸಿತು. ಕೊಲೆಸ್ಟ್ರಾಲ್ ಸಂಬಂಧದ ಪಿಸಿಎಸ್‌ಕೆ9, ಲೈಪೋಪ್ರೋಟೀನ್-ಎ ಅದರಲ್ಲಿವೆ. ಅಪಾಯ ಕಡಿಮೆ ಮಾಡುವ ವೇರಿಯಂಟೂ ಇದೆ. ಉರಿಯೂತದ ಸಂದೇಶ ಹಿಡಿಯುವ ಐಎಲ್6 ರಿಸೆಪ್ಟರಿನ 358ನೇ ಜಾಗದಲ್ಲಿ ಆಸ್ಪಾರ್ಟಿಕ್ ಆಮ್ಲದ ಬದಲು ಅಲನೈನ್ ಇದ್ದವರಿಗೆ ಹೊಟ್ಟೆಯ ಅನ್ಯೂರಿಸಂ ಕಡಿಮೆ.

ಇಂಥ ವೇರಿಯಂಟ್ ಹುಟ್ಟಿನಿಂದ ಬರುತ್ತದೆ, ಆಮೇಲಿನ ಊಟ-ಚಟಗಳಿಂದ ಬದಲಾಗುವುದಿಲ್ಲ. ಹಾಗಾಗಿ ಒಂದು ಪ್ರೋಟೀನ್ ನಿಜವಾಗಿ ಕಾರಣವಾ, ಜೊತೆಗೆ ಸುಮ್ನೆ ಕಾಣಿಸಿಕೊಂಡದ್ದಾ ಅಂತ ಬಿಡಿಸಿ ನೋಡಲು ಸಂಶೋಧಕರು ಇದನ್ನು ಬಳಸುತ್ತಾರೆ. ಯಾವ ಪ್ರೋಟೀನಿಗೆ ಔಷಧ ಮಾಡಬೇಕು ಅನ್ನುವ ಸುಳಿವು ಅಲ್ಲಿಂದ ಸಿಗುತ್ತದೆ. ಸುಳಿವು ಸಿಕ್ಕರೂ ಹೊಟ್ಟೆಯ ಅನ್ಯೂರಿಸಂ ತಡೆಯುವ ಔಷಧ ಇನ್ನೂ ಬಂದಿಲ್ಲ. ಡಾಕ್ಸಿಸೈಕ್ಲಿನ್ ಪ್ರಯೋಗ 2020ರಲ್ಲಿ ಕೈಕೊಟ್ಟಿತು. ವಿಚಿತ್ರ ಅಂದರೆ ಸಕ್ಕರೆ ಕಾಯಿಲೆ ಇದ್ದವರಿಗೆ ಈ ಉಬ್ಬು ಕಡಿಮೆ. ಅದು ಮೆಟ್‌ಫಾರ್ಮಿನ್ ಮಾತ್ರೆಯ ಗುಣವಾ ಅಂತ ಪ್ರಯೋಗ ನಡೆಯುತ್ತಿವೆ.

ಮಗುವಿಗೆ ದಾಟದ ಹಾಗೆ ಮಾಡಲು ಆಗುತ್ತದಾ?

ವೇರಿಯಂಟ್ ಯಾವುದು ಅಂತ ಖಚಿತವಾಗಿ ಗೊತ್ತಿದ್ದರೆ ದಾರಿಗಳಿವೆ. ಐವಿಎಫ್ ಮಾಡಿ, ಗರ್ಭಕ್ಕೆ ಇಡುವ ಮುಂಚೆ ಭ್ರೂಣದಲ್ಲಿ ಆ ವೇರಿಯಂಟ್ ಇದೆಯಾ ಅಂತ ನೋಡಬಹುದು. ಬಸಿರಾದ ಮೇಲೆ ಮಗುವಿನ ಜೀನ್ ಪರೀಕ್ಷೆಯೂ ಸಾಧ್ಯ. 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಲಿಂಗ ತಿಳಿಸುವುದನ್ನು ನಿಷೇಧಿಸುತ್ತದೆ, ಜೀನ್ ಕಾಯಿಲೆ ಹುಡುಕುವುದನ್ನಲ್ಲ. ಆದರೆ ನೋಂದಾಯಿತ ಕೇಂದ್ರದಲ್ಲಿ, ಒಪ್ಪಿಗೆ ಬರೆದುಕೊಟ್ಟೇ ಮಾಡಿಸಬೇಕು. ವಿಯುಎಸ್ ಇಟ್ಟುಕೊಂಡು ಇವೆರಡನ್ನೂ ಮಾಡಿಸುವುದು ಬೇಡ. ಸಮಯವೂ ಬೇಕು: ಮನೆಯ ವೇರಿಯಂಟ್ ಹುಡುಕಲು ಕೆಲವು ವಾರ, ಭ್ರೂಣ ಪರೀಕ್ಷೆಯ ತಯಾರಿಗೆ ಇನ್ನಷ್ಟು. ಮೂರು ತಿಂಗಳ ಬಸಿರಿನಲ್ಲಿ ಬಂದು ಕೇಳುವ ಬದಲು ಮದುವೆಯಾದ ವರ್ಷವೇ ಬನ್ನಿ.